ಎತ್ತಿಕೊಂಡು ಹೋದ ಊರಿನಲ್ಲಿ ಒಂದು ನಡಿಗೆ

‘ಹೊಟ್ಟೆ ಖಾಲಿ ಇಟ್ಕೊಂಡು ಬನ್ನಿ, ತಲೆಗೆ ಏನಾದ್ರೂ ಸುತ್ಕೊಂಡು ಬನ್ನಿ’ ಎಂದು ಮೇಷ್ಟ್ರು ಹಿಂದಿನ ರಾತ್ರಿಯೇ ಅಪ್ಪಣೆ ಕೊಡಿಸಿದ್ದರು. ಮೊದಲನೆಯದು ಯಾಕೆಂದು ಎಲ್ಲರಿಗೂ ಗೊತ್ತಾಯಿತು. ಎರಡನೆಯದು ಬಿಸಿಲಿಗೋ ದರ್ಗಾಕ್ಕೋ ಎಂದು ಲಾಡ್ಜಿನ ಜಗಲಿಯಲ್ಲಿ ಸಣ್ಣ ಚರ್ಚೆಯೇ ನಡೆಯಿತು. ಎರಡಕ್ಕೂ ಎಂದು ಬೆಳಗಾದ ಮೇಲೆ ತಿಳಿಯಿತು. ಫೆಬ್ರವರಿಯ ಭಾನುವಾರ, ಆರೂವರೆ ಗಂಟೆ. ಶಿರಾದ ಬಸ್‌ ಸ್ಟ್ಯಾಂಡಿನ ಎದುರು ಟೀ ಅಂಗಡಿಯಲ್ಲಿ ಹತ್ತೊಂಬತ್ತು ಜನ ನಿಂತಿದ್ದೆವು. ಬೆಂಗಳೂರಿನವರು, ತುಮಕೂರಿನವರು, ಇಬ್ಬರು ಹುಬ್ಬಳ್ಳಿಯವರು. ಮುಂದಾಳು ಇದೇ ಊರಿನ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದ ಮೇಷ್ಟ್ರು. ಕೈಯಲ್ಲಿ ಕೊಡೆ, ಹೆಗಲಿಗೆ ಬಟ್ಟೆಯ ಚೀಲ, ಚೀಲದಲ್ಲಿ ಪುಟ ಹಳದಿಗಟ್ಟಿದ ಗೆಜೆಟಿಯರ್.

ಬೆಂಗಳೂರಿನಿಂದ ದಾವಣಗೆರೆಯ ಕಡೆಗೆ ಹೊರಟವರಿಗೆ ಶಿರಾ ಎಂದರೆ ತುಮಕೂರು ದಾಟಿ ಐವತ್ತು ಕಿಲೋಮೀಟರ್ ಆದ ಮೇಲೆ ಬರುವ ಒಂದು ಬೋರ್ಡು. ಕಿಟಕಿಯಾಚೆ ಕೆರೆ, ನಾಲ್ಕು ಡಾಬಾ, ಅಷ್ಟರಲ್ಲಿ ಊರು ಹಿಂದೆ ಬಿದ್ದಿರುತ್ತದೆ. ‘ನಮ್ಮ ಕಡೆ ಶಿರಾ ಅಂದ್ರ ತಟ್ಟಿಗೆ ಹಾಕ್ಕೊಂಡು ತಿನ್ನೋದು’ ಎಂದು ಹುಬ್ಬಳ್ಳಿಯವರೊಬ್ಬರು ಸಜ್ಜಿಗೆಯನ್ನು ನೆನೆಸಿಕೊಂಡರು. ಮೇಷ್ಟ್ರು ನಗಲಿಲ್ಲ. ನಲವತ್ತು ವರ್ಷದಿಂದ ಕೇಳಿರುವ ತಮಾಷೆ ಇರಬೇಕು. ‘ಒಂದು ಕಾಲದಾಗೆ ನಿಮ್ಮ ಬೆಂಗಳೂರು ಈ ಊರಿನ ಕೈಲಿತ್ತು’ ಎಂದಷ್ಟೇ ಹೇಳಿ ಹೊರಟರು.

ಅದು ಬಡಾಯಿಯಲ್ಲ. 1687ರಿಂದ 1757ರವರೆಗೆ ಎಪ್ಪತ್ತು ವರ್ಷ, ಕರ್ನಾಟಕದ ಈ ಭಾಗವನ್ನು ಮೊಘಲರು ಆಳಿದ್ದು ಶಿರಾದಿಂದ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಶಿರಾ ಸುಬಾ ಎಂಬ ಈ ಪ್ರಾಂತ್ಯದ ಕೆಳಗಿದ್ದವು. ಚಿತ್ರದುರ್ಗ, ಬಿದನೂರು, ಹರಪನಹಳ್ಳಿ, ಅಷ್ಟೇಕೆ ಮೈಸೂರು ಕೂಡ ಇಲ್ಲಿಗೆ ಪೊಗದಿ ಕೊಡಬೇಕಾದವರ ಪಟ್ಟಿಯಲ್ಲಿತ್ತು. ಇಷ್ಟೆಲ್ಲ ಆಗಿದ್ದ ಊರು ಇವತ್ತು ಒಂದು ತಾಲ್ಲೂಕು ಕೇಂದ್ರ. ಕುರಿ, ಕಡ್ಲೆಕಾಯಿ, ಹುಣಸೆಹಣ್ಣಿನ ವ್ಯಾಪಾರದ ಊರು.

ಈಗೀಗ ನಡಿಗೆಯ ಪ್ರವಾಸ ಒಂದು ರೂಢಿಯಾಗಿದೆ. ಬೆಂಗಳೂರಿನ ಬಸವನಗುಡಿಯಲ್ಲಿ, ಮಲ್ಲೇಶ್ವರದಲ್ಲಿ, ಚಿಕ್ಕಪೇಟೆಯಲ್ಲಿ ಭಾನುವಾರ ಬೆಳಗಿನ ಹೊತ್ತು ಇಪ್ಪತ್ತು ಜನರ ಗುಂಪು ಒಬ್ಬ ಮಾತುಗಾರನ ಹಿಂದೆ ಸಾಗುವುದನ್ನು ನೋಡಿರುತ್ತೀರಿ. ಒಂದು ಗುಡಿ, ಒಂದು ಹಳೆಯ ಮನೆ, ಒಂದು ಮಾರುಕಟ್ಟೆ, ಕೊನೆಗೆ ದೋಸೆ, ಕಾಫಿ. ಅಲ್ಲಿ ಕಷ್ಟವಿಲ್ಲ. ತೋರಿಸಬೇಕಾದದ್ದು ಕಣ್ಣ ಮುಂದೆಯೇ ಇರುತ್ತದೆ. ಶಿರಾದಲ್ಲಿ ಹಾಗಲ್ಲ. ಇಲ್ಲಿ ಮೂರು ಗಂಟೆ ನಡೆದರೆ ಕಣ್ಣಿಗೆ ಬೀಳುವುದು ಅರ್ಧ, ಇನ್ನರ್ಧವನ್ನು ಮೇಷ್ಟ್ರ ಮಾತು ಕೇಳಿ ಕಟ್ಟಿಕೊಳ್ಳಬೇಕು.

ಮೊದಲು ಕೋಟೆ. ಕಂದಕದ ಏರಿಯ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ರತ್ನಗಿರಿಯ ಪಾಳೆಯಗಾರ ರಂಗಪ್ಪ ನಾಯಕ ಕಟ್ಟಲು ಶುರು ಮಾಡಿದ ಕೋಟೆಯಿದು. ಅವನು ಮುಗಿಸಲಿಲ್ಲ. 1638ರ ಹೊತ್ತಿಗೆ ಬಿಜಾಪುರದ ದಂಡನಾಯಕ ರಣದುಲ್ಲಾ ಖಾನ್ ಬಂದ. ಬಿಜಾಪುರದವರು ನೇಮಿಸಿದ ಕಿಲ್ಲೇದಾರ ಮಲಿಕ್ ಹುಸೇನ್ ಕೋಟೆಯನ್ನು ಪೂರ್ತಿ ಮಾಡಿ, ಪೇಟೆಯ ಸುತ್ತ ಮಣ್ಣಿನ ಗೋಡೆ ಎಬ್ಬಿಸಿದ. ಒಬ್ಬ ಪಾಯ ತೋಡಿ ಇನ್ನೊಬ್ಬ ತೆನೆ ಇಡುವುದು ನಮ್ಮ ಕೋಟೆಗಳ ಸಾಮಾನ್ಯ ಕಥೆ. ಕೋಟೆಯೊಳಗೆ ಈಗ ಹುಲ್ಲು, ನಾಲ್ಕು ಮರ, ಪುರಾತತ್ವ ಇಲಾಖೆಯ ನೀಲಿ ಫಲಕ. ಬೆಳಗಿನ ವಾಕಿಂಗಿಗೆ ಬಂದ ಹಿರಿಯರಿಬ್ಬರು ನಮ್ಮ ಗುಂಪನ್ನು ನೋಡಿ ನಿಂತರು. ‘ಸಿನಿಮಾ ಶೂಟಿಂಗಾ?’ ಎಂದು ಒಬ್ಬರು ಕೇಳಿದರು. ಕೋಟೆ ನೋಡಲು ಬಂದಿದ್ದೇವೆ ಎಂದಾಗ ಅವರ ಮುಖದಲ್ಲಿ ಸ್ವಲ್ಪ ನಿರಾಸೆ ಕಂಡಿತು.

ಮಣ್ಣಿನ ಪೇಟೆಗೋಡೆಯ ಜಾಡನ್ನು ಮೇಷ್ಟ್ರು ಕೊಡೆಯ ತುದಿಯಿಂದ ಗಾಳಿಯಲ್ಲೇ ಗೀಚಿ ತೋರಿಸಿದರು. ‘ಇಲ್ಲಿಂದ ಹಿಂಗೆ ಹೋಗಿ, ಅಲ್ಲಿ ತಿರುಗ್ತಿತ್ತು ಅಂತಾರೆ’ ಎಂದರು. ಅವರು ತೋರಿಸಿದ ಕಡೆ ಮೊಬೈಲ್ ರೀಚಾರ್ಜ್ ಅಂಗಡಿ, ಟೈಲರ್ ಅಂಗಡಿ, ಒಂದು ಪಂಕ್ಚರ್ ಅಂಗಡಿ ಇದ್ದವು.

ಎಂಟು ಗಂಟೆಗೆ ಹೊಟ್ಟೆ ಮಾತಾಡಲು ಶುರು ಮಾಡಿತು. ತುಮಕೂರು ಜಿಲ್ಲೆಗೆ ಬಂದು ತಟ್ಟೆ ಇಡ್ಲಿ ತಿನ್ನದೆ ಹೋದರೆ ಪಾಪ ಬರುತ್ತದೆ ಎಂದು ನಂಬಿದವರು ಗುಂಪಿನಲ್ಲಿ ನಾಲ್ಕೈದು ಮಂದಿ ಇದ್ದರು. ಮೇಷ್ಟ್ರು ಒಪ್ಪಲಿಲ್ಲ. ತಟ್ಟೆ ಇಡ್ಲಿ ಕ್ಯಾತ್ಸಂದ್ರದ್ದು, ಈ ಊರಿಗೆ ಬಂದರೆ ಈ ಊರಿನದ್ದೇ ತಿನ್ನಬೇಕು ಎಂದು ನಮ್ಮನ್ನು ತಗಡಿನ ಮಾಡಿನ ಒಂದು ಹೋಟೆಲಿಗೆ ನುಗ್ಗಿಸಿದರು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಹೋಟೆಲಿನ ಯಜಮಾನ ಮಂಡಕ್ಕಿಯನ್ನು ಬಕೆಟ್ಟಿನ ನೀರಿಗೆ ಒಮ್ಮೆ ಅದ್ದಿ, ಎರಡೂ ಅಂಗೈಗಳ ನಡುವೆ ಹಿಂಡಿ, ಉಂಡೆ ಉಂಡೆಯಾಗಿ ಬಾಣಲೆಗೆ ಎಸೆಯುತ್ತಿದ್ದ. ಒಂದು ನಿಮಿಷ ಹೆಚ್ಚು ನೆನೆದರೆ ಮುದ್ದೆಯಾಗುತ್ತದೆ, ಕಡಿಮೆಯಾದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಈರುಳ್ಳಿ, ಟೊಮೆಟೊ, ಅರಿಸಿನ, ಮೇಲೆ ಹುರಿಗಡಲೆ ಪುಡಿ. ಚಿತ್ರದುರ್ಗ, ಅನಂತಪುರ, ಬಳ್ಳಾರಿ ಸೀಮೆಯಲ್ಲೆಲ್ಲ ಬೆಳಗಿನ ತಿಂಡಿ ಇದೇ. ಅಂದರೆ ನಾಲಿಗೆಯ ಲೆಕ್ಕದಲ್ಲಿ ಶಿರಾ ಮೈಸೂರು ಸೀಮೆಯ ಅಂಚು. ಇಡ್ಲಿಯ ರಾಜ್ಯ ಮುಗಿದು ಮಂಡಕ್ಕಿಯ ರಾಜ್ಯ ಶುರುವಾಗುವ ಜಾಗ. ಹಳೆಯ ಸುಬಾದ ಗಡಿಗಳು ಅಳಿಸಿ ಹೋದರೂ ಈ ಗಡಿ ಇನ್ನೂ ಗಟ್ಟಿಯಾಗಿದೆ.

ಮಲಿಕ್ ರಿಹಾನ್ ದರ್ಗಾಕ್ಕೆ ಹೋಗುವಾಗ ತಲೆಗೆ ಸುತ್ತಿದ ಬಟ್ಟೆ ಕೆಲಸಕ್ಕೆ ಬಂತು. ಬಿಜಾಪುರದ ಆದಿಲ್‌ಶಾಹಿಗಳ ಪರವಾಗಿ ಇಲ್ಲಿ ಆಡಳಿತ ನಡೆಸಿದವನ ಗೋರಿ ಇದು, ಕಟ್ಟಿದ್ದು 1651ರಲ್ಲಿ. ಗೋಲ ಗುಮ್ಮಟ ಮುಗಿಯುವುದಕ್ಕೆ ಐದು ವರ್ಷ ಮೊದಲು. ಗೋಲ ಗುಮ್ಮಟವನ್ನು ನೋಡಿ ಕತ್ತು ನೋಯಿಸಿಕೊಂಡವರಿಗೆ ಇದು ಪುಟ್ಟದು ಅನ್ನಿಸಬಹುದು. ನನಗೆ ಇದರ ಅಳತೆಯೇ ಇಷ್ಟವಾಯಿತು. ಮನುಷ್ಯ ನಿಂತು ನೋಡಲು ತಕ್ಕ ಎತ್ತರ. ಕಲ್ಲು ನಮ್ಮದು, ಕೈ ಬಿಜಾಪುರದ್ದು. ಒಳಗೆ ತಂಪು, ಮಲ್ಲಿಗೆಯ ವಾಸನೆ. ಕಂಕುಳಲ್ಲಿ ಮಗು ಎತ್ತಿಕೊಂಡ ತಾಯಿಯೊಬ್ಬಳು ಬಂದು ಹೂವು ಕೊಟ್ಟು, ತಾಯತ ಕಟ್ಟಿಸಿಕೊಂಡು ಹೋದಳು. ಹಣೆಯಲ್ಲಿ ಕುಂಕುಮವಿತ್ತು. ನಮ್ಮ ಗುಂಪಿನವರು ಕ್ಯಾಮೆರಾ ಎತ್ತಿದ್ದನ್ನು ನೋಡಿ ಮೇಷ್ಟ್ರು ಕೊಡೆ ಅಡ್ಡ ಹಿಡಿದರು. ‘ಅವ್ರು ಹರಕೆಗೆ ಬಂದವ್ರೆ, ನಾವು ನೋಡೋಕೆ ಬಂದಿರೋದು’ ಎಂದರು.

ಜುಮ್ಮಾ ಮಸೀದಿ ಕಟ್ಟಿದ್ದು 1696ರಲ್ಲಿ, ಮೊಘಲರ ಕಾಲದಲ್ಲಿ, ಪೂರ್ತಿ ಕಡೆದ ಕಲ್ಲಿನಿಂದ. ಇಲ್ಲಿ ನಮಾಜು ಇಂದಿಗೂ ನಡೆಯುವುದರಿಂದ ಆ ಹೊತ್ತು ತಪ್ಪಿಸಿ ಹೋಗಬೇಕು. ಹೊರಗಿನ ಕಟ್ಟೆಯ ನೆರಳಿನಲ್ಲಿ ಕೂರಿಸಿ ಮೇಷ್ಟ್ರು ಮೊದಲ ಮೊಘಲ್ ಫೌಜುದಾರ ಖಾಸಿಂ ಖಾನನ ಕಥೆ ತೆಗೆದರು. 1686ರಲ್ಲಿ ಔರಂಗಜೇಬನ ಸೈನ್ಯ ಬಿಜಾಪುರವನ್ನು ಗೆದ್ದ ಮರುವರ್ಷವೇ ಖಾಸಿಂ ಖಾನ್ ಇತ್ತ ಬಂದ. ಬೆಂಗಳೂರು ಆಗ ಶಿವಾಜಿಯ ತಮ್ಮ ವೆಂಕೋಜಿಯ ವಶದಲ್ಲಿತ್ತು. ತಂಜಾವೂರಿಗೆ ಹೋಗಿ ನೆಲೆಸಿದ ವೆಂಕೋಜಿಗೆ ಇಷ್ಟು ದೂರದ ಊರನ್ನು ಕಾಯುವುದು ಕಷ್ಟವಾಗಿ, ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷಕ್ಕೆ ಕೊಡಲು ಮಾತುಕತೆ ನಡೆಸಿದ್ದ. ವ್ಯಾಪಾರ ಕುದುರುವ ಮೊದಲೇ ಖಾಸಿಂ ಖಾನ್ ಬೆಂಗಳೂರನ್ನು ಹಿಡಿದ. ಹಿಡಿದವನು ಅದೇ ಚಿಕ್ಕದೇವರಾಜರಿಗೆ ಅದೇ ಮೂರು ಲಕ್ಷಕ್ಕೆ ಬಿಟ್ಟುಕೊಟ್ಟ. ಅದು ಮಾರಾಟವೋ ಗುತ್ತಿಗೆಯೋ ಎಂಬ ವಾದ ಇತಿಹಾಸಕಾರರ ನಡುವೆ ಇನ್ನೂ ಮುಗಿದಿಲ್ಲ. ‘ದಲ್ಲಾಳಿ ಕಮಿಷನ್ ಎಷ್ಟು ಹೊಡೆದ್ನೋ ಗೊತ್ತಿಲ್ಲ’ ಎಂದರು ಮೇಷ್ಟ್ರು.

ಖಾಸಿಂ ಖಾನನ ಕೊನೆ ಮಾತ್ರ ಚೆನ್ನಾಗಿರಲಿಲ್ಲ. ಮರಾಠರ ಸಂತಾಜಿ ಘೋರ್ಪಡೆ ಅವನನ್ನು ಚಳ್ಳಕೆರೆ ಸೀಮೆಯ ದೊಡ್ಡೇರಿಯ ಕೋಟೆಯಲ್ಲಿ ಮುತ್ತಿಗೆ ಹಾಕಿ ಉಪವಾಸ ಕೆಡವಿದ. ಖಾನ್ ಅಲ್ಲೇ ಸತ್ತ. ಮಾನಕ್ಕೆ ಅಂಜಿ ವಿಷ ಕುಡಿದ ಎಂದು ಕೆಲವರು, ದಿನದ ಅಫೀಮು ಸಿಗದೆ ಸತ್ತ ಎಂದು ಇನ್ನು ಕೆಲವರು ಬರೆದರು. ಇಡೀ ಸೀಮೆಯ ಕಂದಾಯ ತಿನ್ನುತ್ತಿದ್ದವನಿಗೆ ಕೊನೆಗೆ ಬೇಕಾದ ತುತ್ತು ಸಿಗಲಿಲ್ಲ.

ಮಸೀದಿಯಿಂದ ಹೊರಟ ಮೇಲೆ ನಡಿಗೆಯ ಬಣ್ಣವೇ ಬದಲಾಯಿತು. ಇಲ್ಲಿಂದ ಮುಂದೆ ಮೇಷ್ಟ್ರು ತೋರಿಸಿದ್ದೆಲ್ಲ ಇಲ್ಲದ್ದನ್ನೇ. ಶಿರಾ ಏರಿ ಮೆರೆದದ್ದು ಮೊಘಲರ ಆಡಳಿತಗಾರ ದಿಲಾವರ್ ಖಾನನ ಕಾಲದಲ್ಲಿ. ಆಗ ಊರಿನಲ್ಲಿ ಐವತ್ತು ಸಾವಿರ ಮನೆಗಳಿದ್ದವು ಎಂದು ಗೆಜೆಟಿಯರ್ ಹೇಳುತ್ತದೆ. ಸಂಖ್ಯೆಯಲ್ಲಿ ಸ್ವಲ್ಪ ಉಪ್ಪುಖಾರ ಸೇರಿರಬಹುದು, ಅರ್ಧಕ್ಕೆ ಇಳಿಸಿದರೂ ದೊಡ್ಡ ಊರೇ. ದಿಲಾವರ್ ಖಾನ್ ಕಟ್ಟಿಸಿದ ಅರಮನೆ ಎಷ್ಟು ಚೆಂದವಿತ್ತೆಂದರೆ ಬೆಂಗಳೂರಿನ ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಅದೇ ಮಾದರಿಯಾಯಿತಂತೆ. ಬೆಂಗಳೂರು ಕೋಟೆಯ ಪಕ್ಕ ತೇಗದ ಕಂಬಗಳ ಟಿಪ್ಪು ಅರಮನೆಯನ್ನು ನೋಡಿದವರು ಶಿರಾದ ಅರಮನೆಯ ನೆರಳನ್ನು ನೋಡಿದಂತೆ ಎಂದು ತಿಳಿಯಬಹುದು. ಖಾನ್ ಬಾಗ್ ಎಂಬ ತೋಟವಿತ್ತು. ಲಾಲ್‌ಬಾಗಿಗೆ ಅದೇ ಪ್ರೇರಣೆ ಎನ್ನುತ್ತಾರೆ. ಇಸವಿ ನೋಡಿದರೆ ಒಂದು ಸಣ್ಣ ತಕರಾರು ಏಳುತ್ತದೆ. ಹೈದರ್ ಲಾಲ್‌ಬಾಗಿಗೆ ಕೈ ಹಾಕಿದ್ದು 1760ರಲ್ಲಿ, ಶಿರಾ ಅವನ ಕೈಗೆ ಬಂದದ್ದು 1761ರಲ್ಲಿ. ಆದರೆ ತೋಟವನ್ನು ನೋಡಿ ಆಸೆಪಡಲು ಊರನ್ನು ಗೆಲ್ಲಬೇಕೆಂದೇನಿಲ್ಲ. ನಾವೆಲ್ಲ ಪಕ್ಕದ ಮನೆಯ ಹೂಗಿಡ ನೋಡಿಯೇ ಅಲ್ಲವೇ ಕುಂಡ ತರುವುದು.

ಹೈದರ್ ಶಿರಾದ ನವಾಬನಾದ ಬಗೆ ಇನ್ನೂ ಸೊಗಸು. ನಿಜಾಮನ ತಮ್ಮ ಬಸಾಲತ್ ಜಂಗ್ ಹೊಸಕೋಟೆಯನ್ನು ಮುತ್ತಿ ಗೆಲ್ಲಲಾರದೆ ಒದ್ದಾಡುತ್ತಿದ್ದ. ಹೈದರ್ ಹಣದ ಮಾತಾಡಿದ. ಬಸಾಲತ್ ಜಂಗ್ ‘ಶಿರಾದ ನವಾಬ’ ಎಂಬ ಹೊಸ ಪದವಿಯನ್ನೇ ಹುಟ್ಟಿಸಿ ಅವನಿಗೆ ಕೊಟ್ಟ. ಬೆಲೆ, ಸರಿಯಾಗಿ ಊಹಿಸಿದಿರಿ, ಮೂರು ಲಕ್ಷ. ಆ ಹೊತ್ತಿಗೆ ಶಿರಾ ಬಸಾಲತ್ ಜಂಗನ ಕೈಯಲ್ಲೇ ಇರಲಿಲ್ಲ, ಮರಾಠರ ಕೈಯಲ್ಲಿತ್ತು. ತನ್ನದಲ್ಲದ ಊರಿನ ಪಟ್ಟವನ್ನು ಮಾರಿದವನು, ಕೊಂಡು ಊರನ್ನು ಗೆದ್ದುಕೊಂಡವನು, ಇಬ್ಬರೂ ಒಳ್ಳೆಯ ವ್ಯಾಪಾರಿಗಳೇ. 1766ರಲ್ಲಿ ಶಿರಾ ಮತ್ತೆ ಮರಾಠರಿಗೆ ಹೋಯಿತು. 1774ರಲ್ಲಿ ಟಿಪ್ಪು ಮತ್ತೆ ಕಿತ್ತುಕೊಂಡ. ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಇಷ್ಟು ಸಲ ಕೈ ಬದಲಾದರೆ ಪೇಟೆಯ ವರ್ತಕನ ಗತಿ ಏನಾಗಿರಬೇಡ.

ಇಷ್ಟಾದರೂ ಊರು ಉಳಿಯುತ್ತಿತ್ತೋ ಏನೋ. ಆಮೇಲೆ ಟಿಪ್ಪು ಶ್ರೀರಂಗಪಟ್ಟಣದ ಮಗ್ಗುಲಲ್ಲಿ ಶಹರ್ ಗಂಜಾಂ ಎಂಬ ಪೇಟೆ ಕಟ್ಟಿಸಿದ. ಪೇಟೆ ಕಟ್ಟಿದರೆ ಸಾಲದು, ಜನ ಬೇಕಲ್ಲ. ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಒತ್ತಾಯದಿಂದ ಎಬ್ಬಿಸಿ ಅಲ್ಲಿಗೆ ಸಾಗಿಸಿದರು. ನಿಮಿಷಾಂಬ ಗುಡಿಗೆ ಹೋಗುವವರು ಇವತ್ತು ಹಾದು ಹೋಗುವ ಗಂಜಾಂ ಅದೇ. ಮೇಷ್ಟ್ರು ಇದನ್ನು ಹೇಳಿದ್ದು ಒಂದು ಮಾಮೂಲಿ ಬೀದಿಯ ತಿರುವಿನಲ್ಲಿ ನಿಂತು. ಒಂದು ಕಡೆ ಹಾಲಿನ ಡೈರಿ, ಇನ್ನೊಂದು ಕಡೆ ಮಕ್ಕಳು ಗೋಲಿ ಆಡುತ್ತಿದ್ದರು. ‘ತೋಟದ ಅಂದ ಬೆಂಗ್ಳೂರಿಗೆ ಹೋಯ್ತು. ಅರಮನೆ ಅಂದ ಎರಡೂ ಕಡೆಗೆ ಹೋಯ್ತು. ಜನ ಗಂಜಾಂಗೆ ಹೋದ್ರು. ಹಳ್ಳಿಲಿ ಮನೆ ಬಿಚ್ಚಿ ತೊಲೆ, ಬಾಗಿಲು, ಹೆಂಚು ಗಾಡಿಗೆ ಹೇರ್ಕೊಂಡು ಹೋಗಲ್ವಾ, ಹಂಗೆ ಈ ಊರ್ನೇ ಎತ್ಕೊಂಡು ಹೋದ್ರು’ ಎಂದರು. ಯಾರೂ ಏನೂ ಕೇಳಲಿಲ್ಲ. ಒಂದು ಗೋಲಿ ಉರುಳಿ ಬಂದು ನಮ್ಮ ಕಾಲ ಬಳಿ ನಿಂತಿತು.

1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಶಿರಾಗಳನ್ನು ಹಾದು ಹೋದ. ಟಿಪ್ಪು ಮಡಿದು ಒಂದು ವರ್ಷವಾಗಿತ್ತಷ್ಟೆ. ಅವನು ನೋಡಿದ್ದು ಖಾಲಿಯಾದ ರಾಜಧಾನಿಯನ್ನು. ಆದರೂ ಅವನ ಪುಸ್ತಕದ ತುಂಬ ಇರುವುದು ಬೆಳೆ, ಬಿತ್ತನೆ, ಕೆರೆ, ದನಕರುಗಳ ಲೆಕ್ಕ. ನನಗೆ ಅದೇ ಸರಿಯಾದ ನೋಟ ಅನ್ನಿಸುತ್ತದೆ. ಅರಮನೆಯನ್ನು ನಕಲು ಮಾಡಬಹುದು, ತೋಟವನ್ನು ಬೇರೆ ಕಡೆ ನೆಡಬಹುದು, ಜನರನ್ನು ಹೊಡೆದಟ್ಟಬಹುದು. ಈ ಒಣ ಕೆಂಪು ನೆಲವನ್ನು, ಇದರಲ್ಲಿ ಹುಟ್ಟುವ ರಾಗಿ, ಹುರುಳಿ, ಅವರೆ, ಹುಣಸೆಯನ್ನು ಯಾವ ಸುಲ್ತಾನನೂ ಗಾಡಿಗೆ ಹೇರಲಾರ. ಶಿರಾದ ನಡಿಗೆಯಲ್ಲಿ ಊಟಕ್ಕೆ ಸ್ಮಾರಕಗಳಿಗಿಂತ ಹೆಚ್ಚು ಹೊತ್ತು ಕೊಡಬೇಕು ಎಂದು ನಾನು ವಾದಿಸುವುದು ಇದಕ್ಕೇ. ಹೊಟ್ಟೆಬಾಕತನ ಒಂದೇ ಕಾರಣವಲ್ಲ.

ಹನ್ನೊಂದರ ಹೊತ್ತಿಗೆ ಕಾಲು ಸೋತವು. ಕೆರೆ ಏರಿಯ ಮೇಲೆ ಮರದ ನೆರಳು ಹಿಡಿದು ಕೂತೆವು. ಹೇಮಾವತಿಯ ನೀರು ಈ ಕೆರೆಗೆ ಬಂದ ಮೇಲೆ ಊರಿನ ಬಾವಿಗಳಿಗೆ ಜೀವ ಬಂದಿದೆ ಎಂದು ಮೀನು ಹಿಡಿಯುತ್ತಿದ್ದವನೊಬ್ಬ ಹೇಳಿದ. ನಿಜ ಹೇಳಬೇಕೆಂದರೆ ನಮ್ಮ ಕಾಲು ಸೋತದ್ದು ಶಿರಾದಿಂದಲ್ಲ, ಹಿಂದಿನ ದಿನದ ಮಧುಗಿರಿಯಿಂದ. ಶನಿವಾರ ಬೆಂಗಳೂರಿನಿಂದ ಹೊರಟು ಕೊರಟಗೆರೆಯಲ್ಲಿ ಕಾಫಿಗೆ ಮಾತ್ರ ನಿಂತಿದ್ದೆವು. ಸಿದ್ಧರಬೆಟ್ಟ, ಚನ್ನರಾಯನದುರ್ಗ, ಗೊರವನಹಳ್ಳಿಯ ಮಹಾಲಕ್ಷ್ಮಿ ಎಲ್ಲ ಕೈಬೀಸಿ ಕರೆದರೂ ನಿಲ್ಲಲಿಲ್ಲ. ಕೊರಟಗೆರೆಗೆ ಅದು ಅನ್ಯಾಯವೇ, ಆದರೆ ಮಧುಗಿರಿಯ ಬಂಡೆ ಬಿಸಿಲೇರುವ ಮೊದಲು ಹತ್ತಬೇಕಾದದ್ದು.

ಆ ಬಂಡೆಯನ್ನು ಬೆಟ್ಟ ಎಂದು ಕರೆಯುವುದೇ ತಪ್ಪು. ಅದು ಒಂದೇ ಕಲ್ಲು. ಏಷ್ಯಾದಲ್ಲೇ ಎರಡನೆಯ ದೊಡ್ಡ ಏಕಶಿಲೆ ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಅಳೆದವರು ಯಾರೆಂದು ಕೇಳುವ ಅಧಿಕಪ್ರಸಂಗ ನಾನು ಮಾಡಲಿಲ್ಲ. ತುದಿ ಸಮುದ್ರಮಟ್ಟದಿಂದ ಸುಮಾರು 3,900 ಅಡಿ. ರಾಮನಗರದಿಂದ ಕೊರಟಗೆರೆ, ಮಧುಗಿರಿ, ಪಾವಗಡ ಹಾದು ಉತ್ತರಕ್ಕೆ ಓಡುವ ಗ್ರಾನೈಟ್ ಪಟ್ಟಿಯ ಒಂದು ಗಂಟು ಇದು. ಭೂಗರ್ಭ ಶಾಸ್ತ್ರದವರು ರಾಮನಗರದ ಹಳೆಯ ಹೆಸರಿನಿಂದ ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಕೋಟೆಗೆ ಮೂರು ಬಾಗಿಲು. ಮೆಟ್ಟಿಲು ಮುಗಿದ ಮೇಲೆ ಬೋಳು ಬಂಡೆಯಲ್ಲಿ ಕಾಲಿನ ಬೆರಳೂರಲು ಕಡೆದ ಗುಳಿಗಳಷ್ಟೇ. ಹತ್ತುವಾಗ ಎಲ್ಲರೂ ಶೂರರು. ಇಳಿಯುವಾಗ ಹತ್ತೊಂಬತ್ತರಲ್ಲಿ ಹನ್ನೆರಡು ಜನ ಕುಂಡೆಯ ಮೇಲೆ ಜಾರಿಕೊಂಡು ಬಂದೆವು. ನಾನೂ ಆ ಹನ್ನೆರಡರಲ್ಲಿ ಒಬ್ಬ.

ಹೈದರ್ ಬಿದನೂರನ್ನು ಗೆದ್ದ ಮೇಲೆ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಮಗನನ್ನೂ ಸೆರೆಯಿಟ್ಟದ್ದು ಈ ಕೋಟೆಯಲ್ಲಿ. ಪೇಶ್ವೆ ಮಾಧವರಾಯ 1767ರಲ್ಲಿ ಮದ್ದಗಿರಿಯನ್ನು ಹಿಡಿದು ಅವರನ್ನು ಬಿಡಿಸಿದ. ಮಧುಗಿರಿಗೆ ಆಗಿನ ಹೆಸರು ಮದ್ದಗಿರಿ. ಮಲೆನಾಡಿನ ಮಳೆಯಲ್ಲಿ ಹುಟ್ಟಿ ಬೆಳೆದವಳಿಗೆ ಈ ಬೋಳು ಬಂಡೆಯ ಬೇಸಿಗೆ ಹೇಗಾಗಿರಬಹುದು ಎಂದು ಮೇಲೆ ಕೂತು ಯೋಚಿಸಿದೆ. ಮಲೆನಾಡಿನ ಅನ್ನ, ಅಕ್ಕಿ ರೊಟ್ಟಿಯ ಬಾಯಿಗೆ ಇಲ್ಲಿ ಏನು ಬಡಿಸಿರಬಹುದು?

ಪಾವಗಡವನ್ನು ಮುಟ್ಟಿದ್ದು ಮಧ್ಯಾಹ್ನ. ಮೂರು ದಿಕ್ಕಿಗೂ ಆಂಧ್ರವನ್ನು ಕಟ್ಟಿಕೊಂಡ ತಾಲ್ಲೂಕು. ಬೋರ್ಡು ಕನ್ನಡ, ಬೈಗುಳ ತೆಲುಗು ಎಂದು ಅಲ್ಲಿನವರೇ ನಗುತ್ತಾರೆ. ಹೋಟೆಲಿನಲ್ಲಿ ಮುದ್ದೆ ಕೇಳಿದರೆ ಮಾಣಿ ಒಳಗೆ ‘ಸಂಗಟಿ’ ಎಂದು ಕೂಗಿದ. ಶನಿಮಹಾತ್ಮನ ಗುಡಿಯಲ್ಲಿ ಶನಿವಾರದ ನೂಕುನುಗ್ಗಲು. ಊರಾಚೆ ತಿರುಮಣಿಯ ಕಡೆ ಹದಿಮೂರು ಸಾವಿರ ಎಕರೆಯಲ್ಲಿ ಸೋಲಾರ್ ಫಲಕಗಳು, 2,050 ಮೆಗಾವ್ಯಾಟ್ ವಿದ್ಯುತ್ತು. ಜಮೀನನ್ನು ರೈತರಿಂದ ಕೊಂಡಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಹಿಡಿದಿದ್ದಾರೆ. ಕಡ್ಲೆಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದ ನೆಲವದು. ಮುಗಿಲು ಬರದಿರುವುದೇ ಈಗ ಅಲ್ಲಿನ ಫಸಲು.

ಮತ್ತೆ ಭಾನುವಾರಕ್ಕೆ ಬಂದರೆ, ಶಿರಾದ ಮಧ್ಯಾಹ್ನದ ಊಟಕ್ಕೆ ಹೋಟೆಲು ಗೊತ್ತು ಮಾಡಿರಲಿಲ್ಲ. ಮೇಷ್ಟ್ರ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯ ಹಿತ್ತಲು. ಅವರ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಮೂರು ಕಲ್ಲಿನ ಒಲೆಯ ಮುಂದೆ ಕೂತಿದ್ದರು. ‘ಹಿಟ್ಟು ತಿರುವೋದು ನೋಡ್ತೀರೇನವ್ವ?’ ಎಂದು ಗುಂಪಿನ ಹೆಣ್ಣುಮಕ್ಕಳನ್ನು ಹತ್ತಿರ ಕರೆದರು. ಈ ಕಡೆ ಮುದ್ದೆಗೆ ಹಿಟ್ಟು ಎಂದೇ ಹೆಸರು. ಎಸರು ಕುದಿಯುವಾಗ ಒಂದು ಹಿಡಿ ರಾಗಿ ಹಿಟ್ಟನ್ನು ತಣ್ಣೀರಿಗೆ ಕದಡಿ ಬಿಟ್ಟರು. ನೀರು ಗಂಜಿಯಂತಾಗಿ ಉಕ್ಕಿತು. ಆಮೇಲೆ ಉಳಿದ ಹಿಟ್ಟನ್ನು ಗೋಪುರದಂತೆ ನಡುವೆ ಸುರಿದು, ಕೋಲಿನಿಂದ ಮಧ್ಯಕ್ಕೆ ಒಂದು ತೂತು ಮಾಡಿ ಬಿಟ್ಟುಬಿಟ್ಟರು. ಕದಡಲಿಲ್ಲ. ಅವಸರಕ್ಕೆ ಕದಡಿದರೆ ಗಂಟು ಕಟ್ಟುತ್ತದೆ, ಒಳಗಿನ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. ಹತ್ತು ನಿಮಿಷ ಆ ತೂತಿನಿಂದ ಬುಸು ಬುಸು ಆವಿ ಏಳುವುದನ್ನು ನಾವೆಲ್ಲ ಸುಮ್ಮನೆ ನೋಡಿದೆವು. ಬೆಂದ ವಾಸನೆ ಬಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಎರಡೂ ಪಾದಗಳ ನಡುವೆ ಬಟ್ಟೆ ಕೊಟ್ಟು ಇರುಕಿಸಿಕೊಂಡು, ಕೋಲು ಹಿಡಿದು ತಿರುವಿದರು. ಆ ತೋಳಿನ ಬಲಕ್ಕೆ ನಮ್ಮ ಜಿಮ್ ಹುಡುಗರು ನಾಚಿದರು. ನೀರು ಮುಟ್ಟಿದ ಅಂಗೈಯಲ್ಲಿ, ಒದ್ದೆ ಮಣೆಯ ಮೇಲೆ, ಉಂಡೆ ಕಟ್ಟಿ ಹೊಳೆಯುವಂತೆ ಜಾರಿಸಿದರು.

ಜೊತೆಗೆ ಬಸ್ಸಾರು. ಅವರೆಕಾಳು, ಸೊಪ್ಪು ಬೇಯಿಸಿ, ನೀರನ್ನು ಬಸಿದು, ಆ ನೀರಿಗೇ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಮೆಣಸಿನಕಾಯಿ, ಹುಣಸೆಹಣ್ಣು ಅರೆದು ಹಾಕಿ ಕುದಿಸಿದ್ದು. ಬಸಿದ ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಸಾರೂ ಆಯಿತು, ಪಲ್ಯವೂ ಆಯಿತು, ಒಂದು ಹನಿ ನೀರೂ ಚರಂಡಿಗೆ ಹೋಗಲಿಲ್ಲ. ಮಳೆ ಕಡಿಮೆಯಿರುವ ಸೀಮೆಯ ಬುದ್ಧಿ ಅದು. ಮಾಂಸ ತಿನ್ನುವವರಿಗೆ ಇನ್ನೊಂದು ಪಂಕ್ತಿಯಲ್ಲಿ ಕುರಿ ಸಾರು. ಬೆಂಗಳೂರಿನ ಹುಡುಗಿಯೊಬ್ಬಳು ಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆ ಮೆತ್ತಿಸಿಕೊಂಡಳು. ‘ಅಗೀಬ್ಯಾಡ ಮಗಾ, ಸಾರಿನಾಗೆ ಹೊಳ್ಳಿಸ್ಕೊಂಡು ನುಂಗು, ಅದಕ್ಕೆ ದಾರಿ ಗೊತ್ತೈತೆ’ ಎಂದರು ಅಜ್ಜಿ.

ಸಂಜೆ ಕಗ್ಗಲಡುವಿಗೆ ಹೋದೆವು. ಶಿರಾದಿಂದ ಎಂಟೊಂಬತ್ತು ಕಿಲೋಮೀಟರಿನ ಹಳ್ಳಿ. ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಗೂಡು ಕಟ್ಟಿವೆ. ಕೆಳಗೆ ದನದ ಕೊಟ್ಟಿಗೆ, ಮೇಲೆ ಕೊಕ್ಕರೆ. ಹಿಕ್ಕೆ ಬಿದ್ದರೂ, ಮೀನಿನ ವಾಸನೆ ಬಂದರೂ ಊರವರು ಅವನ್ನು ಓಡಿಸಿಲ್ಲ. ಎಲ್ಲಿಂದಲೋ ಎದ್ದು ಬಂದು ಇಲ್ಲಿ ಮನೆ ಮಾಡಿಕೊಂಡವರು ಈ ಸೀಮೆಯಲ್ಲಿ ಇವು ಮಾತ್ರ ಇರಬೇಕು ಎಂದು ಗಂಜಾಮಿನ ನೆನಪಿನಲ್ಲೇ ಇದ್ದ ಗೆಳೆಯರೊಬ್ಬರು ಹೇಳಿದರು.

ಬಸ್ಸು ಹೊರಡುವ ಮೊದಲು ಶಿರಾದ ರಸ್ತೆ ಬದಿಯಲ್ಲಿ ಹೊಸ ಹುಣಸೆಹಣ್ಣು ಹರಡಿಕೊಂಡು ಕೂತ ಹೆಂಗಸಿನ ಹತ್ತಿರ ನಿಂತೆವು. ಸಿಪ್ಪೆ, ನಾರು, ಬೀಜ ಬಿಡಿಸಿ, ಉಪ್ಪು ಬೆರೆಸಿ ಉಂಡೆ ಕಟ್ಟಿಟ್ಟಿದ್ದಳು. ಬೆರಳ ತುದಿಗಳು ಹುಳಿಯಲ್ಲಿ ನೆನೆದು ಬೆಳ್ಳಗಾಗಿದ್ದವು. ನಾನು ಎರಡು ಕೆಜಿ ಕೇಳಿದೆ. ತಕ್ಕಡಿ ಎತ್ತುತ್ತಾ ‘ಬೆಳಗಿಂದ ಓಡಾಡ್ತಾ ಇದ್ರಲ್ಲ, ಏನು ನೋಡಿದ್ರಿ ಸ್ವಾಮಿ?’ ಎಂದಳು.

‘ಕೋಟೆ, ಮಸೀದಿ, ದರ್ಗಾ. ದಿಲಾವರ್ ಖಾನನ ಅರಮನೆ ಇದ್ದ ಜಾಗ.’

‘ಅರಮನೆನಾ? ಈ ಊರಾಗಾ?’ ಎಂದು ಒಂದು ಗಳಿಗೆ ನನ್ನ ಮುಖ ನೋಡಿದಳು. ತೂಕ ಸರಿಯಾಗಿತ್ತು. ಆದರೂ ಇನ್ನೊಂದು ಹಿಡಿ ಹುಣಸೆಹಣ್ಣನ್ನು ಕೊಸರು ಎಂದು ಚೀಲಕ್ಕೆ ಹಾಕಿ, ಮುಂದಿನವರ ಕಡೆ ತಿರುಗಿದಳು.